ಕಡಲ ಮೇಲೆ ಮಳೆ ಯಾಕೆ? ಮಾಲ್‌ಬ್ರಾಂಶ್, ಆರ್ನೋ, ಲೈಬ್ನಿಜ್ ಜಗಳದ ಬಗ್ಗೆ

ಹಳೇಪುಸ್ತಕ · ಶನಿವಾರ ರಾತ್ರಿ 9:40

ಹೋದ ತಿಂಗಳು ಇಲ್ಲಿ ಯಾರೋ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಜ್ ಹೆಸರೆತ್ತಿದ ಕೂಡಲೇ ನಾಲ್ಕು ಜನ ನಕ್ಕರು. "ಇರಬಹುದಾದ ಜಗತ್ತುಗಳಲ್ಲಿ ಇದೇ ಅತ್ಯುತ್ತಮವಂತೆ, ಮಿಕ್ಕವು ಹೇಗಿರಬಹುದೋ" ಅಂತ. ಕಾಲೇಜಿನಲ್ಲಿ ನಾನೂ ಹಾಗೇ ನಕ್ಕವನು. ಈಗ ನಿವೃತ್ತಿಯಾದ ಮೇಲೆ, ಬೆಳಗಿನ ಕಾಫಿ ಜೊತೆ ದಿನಕ್ಕೆ ನಾಲ್ಕೈದು ಪುಟದಂತೆ ಅವನ 'ಥಿಯೋಡಿಸಿ'ಯನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ದೇವರು ಒಳ್ಳೆಯವನಾದರೆ ಜಗತ್ತಿನಲ್ಲಿ ಕೇಡು ಯಾಕೆ ಅನ್ನುವುದನ್ನು ಕುರಿತ 1710ರ ಪುಸ್ತಕ. ಮೂವತ್ತು ವರ್ಷ ನಡೆದ ಒಂದು ಜಗಳಕ್ಕೆ ಕೊನೆಯಲ್ಲಿ ಬಂದವನು ಆಡಿದ ಮಾತು ಅದು. ಮೊದಲರ್ಧ ಕೇಳಿಸಿಕೊಳ್ಳದೆ ಓದಿದರೆ ಪೆದ್ದುಪೆದ್ದಾಗಿಯೇ ಕಾಣುತ್ತದೆ.

ಆ ಮೊದಲರ್ಧ ಶುರುವಾಗುವುದು ನಿಕೋಲಾ ಮಾಲ್‌ಬ್ರಾಂಶ್ ಎಂಬ ಪಾದ್ರಿಯಿಂದ. ಪ್ಯಾರಿಸ್ಸಿನ ಒರೆಟೋರಿಯನ್ ಸಂಘದವನು, 1638ರಲ್ಲಿ ಹುಟ್ಟಿದವನು. 1664ರಲ್ಲಿ ಒಂದು ಪುಸ್ತಕದಂಗಡಿಯಲ್ಲಿ ಫ್ರೆಂಚ್ ತತ್ತ್ವಜ್ಞಾನಿ ದೇಕಾರ್ತ್‌ನ ಮನುಷ್ಯದೇಹದ ಕುರಿತ ಗ್ರಂಥ ಸಿಕ್ಕಿತಂತೆ. ಓದುತ್ತಾ ಓದುತ್ತಾ ಎದೆ ಎಷ್ಟು ಬಡಿದುಕೊಳ್ಳತೊಡಗಿತೆಂದರೆ, ನಡುನಡುವೆ ಮುಚ್ಚಿಟ್ಟು ಸುಧಾರಿಸಿಕೊಳ್ಳಬೇಕಾಯಿತಂತೆ. (ಅಂಥ ಓದು ನನಗೆ ಜೀವನದಲ್ಲಿ ಒಂದೇ ಸಲ ಆಗಿದ್ದು, ಅದೂ ಪತ್ತೇದಾರಿ ಕಾದಂಬರಿ.) ಅವನು 1680ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕೃತಿ ಮತ್ತು ಕೃಪೆಯ ಬಗ್ಗೆ ಒಂದು ಪ್ರಬಂಧ ಅಚ್ಚು ಹಾಕಿಸಿದ.

ಅದರಲ್ಲಿ ಬರುವ ಮಳೆಯ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಮಳೆ ಉತ್ತು ಬಿತ್ತಿದ ಹೊಲಕ್ಕೂ ಬೀಳುತ್ತದೆ, ಮರಳಿಗೂ ದಾರಿಗೂ ಬೀಳುತ್ತದೆ, ಸಮುದ್ರದ ಮೇಲೂ ಸುರಿಯುತ್ತದೆ. ಎಲ್ಲವನ್ನೂ ಬಲ್ಲ ದೇವರು ಉಪ್ಪುನೀರಿನ ಮೇಲೆ ಸಿಹಿನೀರು ಯಾಕೆ ಚೆಲ್ಲಿದ?

ಸಂತ ಆಗಸ್ಟೀನ್ ಕಾಲದಿಂದ ಬಂದ ಉತ್ತರ ಎಲ್ಲರಿಗೂ ಗೊತ್ತು: ಚಿತ್ರದಲ್ಲಿ ನೆರಳು ಬೇಕಾದ ಹಾಗೆ ಜಗತ್ತಿನಲ್ಲಿ ಕೊರತೆ ಬೇಕು, ದೂರದಿಂದ ನೋಡಿದರೆ ಎಲ್ಲವೂ ಚೆಂದ. ಮಾಲ್‌ಬ್ರಾಂಶ್ ಇದನ್ನು ಒಪ್ಪುವುದಿಲ್ಲ. ಅಂಗವಿಕಲವಾಗಿ ಹುಟ್ಟಿದ ಮಗು, ಹಣ್ಣಾಗುವ ಮೊದಲೇ ಆಲಿಕಲ್ಲಿಗೆ ಉದುರಿದ ಕಾಯಿ, ಇವು ನಿಜವಾದ ಕೊರತೆಗಳೇ, ಸುಮ್ಮನೆ ಬಣ್ಣ ಹಚ್ಚಬೇಡಿ ಅನ್ನುತ್ತಾನೆ. ಇದಕ್ಕಿಂತ ಒಳ್ಳೆಯ ಜಗತ್ತನ್ನು ಮಾಡಲು ದೇವರಿಗೆ ಸಾಧ್ಯವಿತ್ತು ಎಂದೂ ಹೇಳುತ್ತಾನೆ. ಹಾಗಿದ್ದರೆ ಯಾಕೆ ಮಾಡಲಿಲ್ಲ? ದೇವರು ತಾನು ಮಾಡಿದ ವಸ್ತುವನ್ನಷ್ಟೇ ನೋಡುವವನಲ್ಲ, ಮಾಡುವ ರೀತಿಯನ್ನೂ ನೋಡುವವನು. ಚಲನೆಗೆ ಎರಡೇ ನಿಯಮ ಇಟ್ಟ: ಚಲಿಸುವುದು ನೇರಗೆರೆಯಲ್ಲಿ ಚಲಿಸಲು ನೋಡಬೇಕು, ಡಿಕ್ಕಿಯಾದಾಗ ಚಲನೆ ಒಂದರಿಂದ ಇನ್ನೊಂದಕ್ಕೆ ಹಂಚಿಹೋಗಬೇಕು. ಅಷ್ಟರಿಂದಲೇ ಇಷ್ಟೆಲ್ಲ ಆಯಿತು. ಹೊಲ ನೋಡಿ ಮಳೆ, ಕಡಲು ನೋಡಿ ಬಿಸಿಲು ಅಂತ ಪ್ರತಿಯೊಂದಕ್ಕೂ ಬೇರೆ ಬೇರೆ ಸಂಕಲ್ಪ ಮಾಡುತ್ತಾ ಕೂರುವುದು ಅನಂತಜ್ಞಾನಕ್ಕೆ ತಕ್ಕ ರೀತಿಯಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಳ್ಳೆಯತನ ಅನ್ನುವುದು ಫಲದಲ್ಲಿ ಇದೆಯೋ, ಮಾಡುವ ರೀತಿಯಲ್ಲಿ ಇದೆಯೋ?


ಬೈಟೂಕಾಫಿ · ಶನಿವಾರ ರಾತ್ರಿ 10:15

ಸರ್, ನಾನು ಸಾಫ್ಟ್‌ವೇರ್‌ನವನು, ದೈವಶಾಸ್ತ್ರ ಸೊನ್ನೆ. ಆದರೆ ಈ ಪಾದ್ರಿಯ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತೆ. ಕ್ಲೈಂಟ್ ಒಬ್ಬ "ಈ ಒಬ್ಬ ಗ್ರಾಹಕನಿಗೆ ಮಾತ್ರ ಹೀಗೆ ಮಾಡಿ" ಅಂತಾನೆ. ಒಂದು 'ಇಫ್' ಹಾಕ್ತೀವಿ. ನಾಳೆ ಇನ್ನೊಬ್ಬನಿಗೆ ಇನ್ನೊಂದು. ಎರಡು ವರ್ಷ ಆದ ಮೇಲೆ ಆ ಕೋಡ್ ಮುಟ್ಟೋಕೆ ಬರೆದವನೇ ಹೆದರ್ತಾನೆ. ಎರಡು ಸಾಲಿನ ನಿಯಮ ಬರೆದು ಅದರಿಂದ ಗ್ರಹಗಳ ಓಟದಿಂದ ಹಿಡಿದು ಮಂಜಿನ ಹರಳಿನವರೆಗೆ ಎಲ್ಲ ಹೊರಡಿಸಿದವನಿಗೆ ನಾನಂತೂ ಕೈ ಮುಗೀತೀನಿ.


ಸಂಶಯಾತ್ಮ · ಶನಿವಾರ ರಾತ್ರಿ 10:31

ಕೈ ಮುಗಿಯಿರಿ, ಬೇಡ ಅನ್ನಲ್ಲ. ಆದರೆ ನಿಮ್ಮ ಚಂದದ ಕೋಡ್ ಓಡುವಾಗ ಆಸ್ಪತ್ರೆಯಲ್ಲಿ ಒಬ್ಬನ ಔಷಧದ ಲೆಕ್ಕ ತಪ್ಪಿತು ಅಂತಿಟ್ಟುಕೊಳ್ಳಿ. ಅವನ ಮನೆಯವರ ಮುಂದೆ ಹೋಗಿ "ಸ್ಪೆಷಲ್ ಕೇಸ್ ಹಾಕಿದ್ದರೆ ಕೋಡ್ ಅಸಹ್ಯವಾಗ್ತಿತ್ತು" ಅಂತ ಹೇಳ್ತೀರಾ? ನಮ್ಮ ಬಡಾವಣೆಗೆ ಪ್ರತಿ ಮಳೆಗಾಲ ನೀರು ನುಗ್ಗುತ್ತೆ. ಎಂಜಿನಿಯರ್ ಬಂದು ಚರಂಡಿ ನಕ್ಷೆ ಎಷ್ಟು ಸರಳವಾಗಿದೆ ನೋಡಿ ಅಂದರೆ ಅವನನ್ನು ಅದೇ ನೀರಲ್ಲಿ ನಿಲ್ಲಿಸ್ತೀವಿ.

ಮನುಷ್ಯ ಎಂಜಿನಿಯರಿಗೆ ಹಣ, ಸಮಯ, ಬುದ್ಧಿ ಎಲ್ಲಕ್ಕೂ ಮಿತಿ ಇದೆ. ಅದಕ್ಕೇ ಅವನಿಗೆ ಸರಳತೆ ಒಂದು ಗುಣ. ದಣಿವೇ ಇಲ್ಲದವನಿಗೆ ಸರಳತೆ ಯಾಕೆ ಬೇಕು?


ಕಡಲಕರೆ · ಭಾನುವಾರ ಬೆಳಿಗ್ಗೆ 11:05

ಪೂಜೆ ಮುಗಿಸಿ ಈಗಷ್ಟೇ ಬಂದೆ. ನಾನು ಕ್ಯಾಥೊಲಿಕ, ಮಂಗಳೂರಿನವ, ಪ್ರಾಯದಲ್ಲಿ ಪಾದ್ರಿಯಾಗಲೆಂದು ಮೂರು ವರ್ಷ ಗುರುಮಠದಲ್ಲಿ ಇದ್ದು ಹೊರಗೆ ಬಂದವ. ಸಂಶಯಾತ್ಮರ ಕೊನೆಯ ಪ್ರಶ್ನೆ ಒಳ್ಳೆಯದುಂಟು. ಮಾಲ್‌ಬ್ರಾಂಶ್‌ನ ಉತ್ತರ ಹೀಗೆ: ಸರಳತೆ ದೇವರಿಗೆ ಶ್ರಮ ಉಳಿಸುವುದಕ್ಕಲ್ಲ. ಕೆಲಸದ ರೀತಿ ಮಾಡುವವನ ಸ್ವಭಾವವನ್ನು ಹೊತ್ತುಕೊಂಡಿರಬೇಕು. ದೇವರು ಒಬ್ಬನೇ, ಬದಲಾಗದವ, ಎಲ್ಲೆಡೆ ಒಂದೇ ಸಮ. ಅವನ ನಡೆಯೂ ಹಾಗೆಯೇ ಇರಬೇಕು. ಇವತ್ತೊಂದು, ನಾಳೆ ಒಂದು ಎಂದು ಮಾಡುವುದು ನಮ್ಮ ಹಾಗೆ ಮುಂದೇನು ಎಂದು ಗೊತ್ತಿಲ್ಲದವರ ಲಕ್ಷಣ.

ಇದನ್ನು ಮೊದಲು ಹಿಡಿದು ಜಾಡಿಸಿದ್ದು ನಾಸ್ತಿಕರಲ್ಲ, ಮಾರಾಯ್ರೇ. ಆಂತ್ವಾನ್ ಆರ್ನೋ ಎಂಬ ಇನ್ನೊಬ್ಬ ಪಾದ್ರಿ. 1641ರಲ್ಲಿ ದೇಕಾರ್ತ್‌ನ 'ಧ್ಯಾನ'ಗಳು ಎಂಬ ಪುಸ್ತಕಕ್ಕೆ ನಾಲ್ಕನೆಯ ಆಕ್ಷೇಪ ಬರೆದವನು ಇವನೇ. ಜಾನ್ಸೆನಿಸ್ಟರ (ಕ್ಯಾಥೊಲಿಕರೊಳಗಿನ ಒಂದು ಕಟ್ಟುನಿಟ್ಟಿನ ಪಂಥ) ಮುಂದಾಳು ಎಂದು ರಾಜನ ಕಣ್ಣಿಗೆ ಬಿದ್ದು 1679ರಲ್ಲಿ ಫ್ರಾನ್ಸ್ ಬಿಟ್ಟು ಓಡಿದ, 1694ರಲ್ಲಿ ಬ್ರಸೆಲ್ಸ್‌ನಲ್ಲಿ ಸತ್ತ. ಮಾಲ್‌ಬ್ರಾಂಶ್‌ಗೂ ಅವನಿಗೂ ಮೊದಲು ಸ್ನೇಹವೇ ಇತ್ತು. ಪ್ರಬಂಧ ಬಂದ ಮೇಲೆ ಮುರಿಯಿತು. 1683ರಲ್ಲಿ ಒಂದು ಪುಸ್ತಕ, 1685ರಿಂದ ಇನ್ನೊಂದು, ಪತ್ರಗಳು, ಪ್ರತಿಪತ್ರಗಳು. ಒಬ್ಬ ಸಾಯುವವರೆಗೂ ನಿಲ್ಲಲಿಲ್ಲ.

ಆರ್ನೋನ ಒಂದು ಏಟು ಮಾತ್ರ ಹೇಳುತ್ತೇನೆ. ಸಾಮಾನ್ಯ ನಿಯಮಗಳಿಗೆ ಅನುಸಾರವಾಗಿ ನಡೆಯುವುದು ಬೇರೆ, ಸಾಮಾನ್ಯವಾದದ್ದನ್ನು ಮಾತ್ರ ಸಂಕಲ್ಪಿಸುವುದು ಬೇರೆ. ಮೊದಲನೆಯದನ್ನು ಯಾವ ಕ್ರೈಸ್ತನೂ ಒಪ್ಪುತ್ತಾನೆ. ಆದರೆ ದೇವರು ನಿಯಮವನ್ನು ಮಾತ್ರ ಬಯಸಿದ, ಈ ಹನಿ ಈ ಎಲೆಯ ಮೇಲೆ ಬಿದ್ದದ್ದು ನಿಯಮದ ಬೆನ್ನಿಗೆ ತಾನಾಗಿ ಬಂತು ಎಂದರೆ, ಸುವಾರ್ತೆಯಲ್ಲಿ ನೆಲಕ್ಕೆ ಬೀಳುವ ಗುಬ್ಬಿ, ಎಣಿಕೆಯಾದ ತಲೆಗೂದಲು ಎಲ್ಲಿ ಹೋಯಿತು?

ಇನ್ನೂ ತಮಾಷೆ ಏನೆಂದರೆ, ಈ ಪ್ರಶ್ನೆ ಮಾಲ್‌ಬ್ರಾಂಶ್‌ನ ಕಾಲಿಗೇ ಸುತ್ತಿಕೊಳ್ಳುತ್ತದೆ. ಯಾಕೆಂದರೆ ಅವನ ಪ್ರಕಾರ ಸೃಷ್ಟಿಯಲ್ಲಿ ಯಾವುದಕ್ಕೂ ಸ್ವಂತ ಬಲವಿಲ್ಲ. ಚೆಂಡಿಗೆ ಚೆಂಡು ತಾಗಿದಾಗ ಎರಡನೆಯದನ್ನು ಸರಿಸುವುದು ದೇವರು. ತಾಗಿದ್ದು ಬರೀ ನಿಮಿತ್ತ. ಸೃಷ್ಟಿಯನ್ನು ಉಳಿಸಿಕೊಂಡು ಹೋಗುವುದೆಂದರೆ ಕ್ಷಣಕ್ಷಣವೂ ಸೃಷ್ಟಿಸುತ್ತಲೇ ಇರುವುದು. ಇದು ದೇಕಾರ್ತ್‌ನ ಮೂರನೆಯ ಧ್ಯಾನದಲ್ಲೇ ಉಂಟು. 1688ರ ಸಂವಾದಗಳಲ್ಲಿ ಮಾಲ್‌ಬ್ರಾಂಶ್ ಕುರ್ಚಿಯ ಉದಾಹರಣೆ ಕೊಡುತ್ತಾನೆ: ದೇವರು ಈ ಕುರ್ಚಿ ಇರಲಿ ಎಂದು ಸಂಕಲ್ಪಿಸಿ, ಎಲ್ಲಿರಲಿ ಎಂಬುದನ್ನು ಸಂಕಲ್ಪಿಸದೆ ಬಿಡಲು ಆಗುವುದಿಲ್ಲ. ಇಲ್ಲೋ ಅಲ್ಲೋ, ಎಲ್ಲೋ ಒಂದು ಕಡೆ ಇಡಲೇಬೇಕು. ಸರಿ ಸ್ವಾಮಿ, ಹಾಗಾದರೆ ಪ್ರತಿ ಮಳೆಹನಿಯನ್ನೂ ಪ್ರತಿ ಕ್ಷಣವೂ ಇಂಥಲ್ಲಿ ಎಂದು ಇಟ್ಟವನು ಅವನೇ ಆಯಿತಲ್ಲ! ಮತ್ತೆ ಕಡಲ ಮೇಲಿನ ಮಳೆಯನ್ನು ಅವನು 'ವಿಶೇಷವಾಗಿ' ಬಯಸಲಿಲ್ಲ ಎನ್ನುವುದು ಹೇಗೆ?


ಬೈಟೂಕಾಫಿ · ಭಾನುವಾರ ಬೆಳಿಗ್ಗೆ 11:20

ಅಯ್ಯೋ. ಅಂದ್ರೆ ನಿಯಮ ಬರೆದವನೂ ಅವನೇ, ಪ್ರತಿ ಸಾಲನ್ನು ಕೈಯಾರೆ ಓಡಿಸ್ತಿರೋ ಪ್ರೊಸೆಸರ್ರೂ ಅವನೇ. "ನಾನು ಬರೆದದ್ದಷ್ಟೇ, ಓಡಿದ್ದಕ್ಕೆ ನಾನಲ್ಲ" ಅನ್ನೋಕೆ ಆಗಲ್ಲ.


ಗಣಿತಮೇಷ್ಟ್ರು · ಭಾನುವಾರ ಮಧ್ಯಾಹ್ನ 3:30

ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದಾಗ ಮಳಿ ಹಿಡದೈತಿ, ಹೊರಗ ಹೋಗೂಹಂಗಿಲ್ಲ, ಅದಕ್ಕ ಪೂರ್ತಿ ಓದಿದೆ. ನಾ ತತ್ತ್ವಶಾಸ್ತ್ರ ಓದಿದಾಂವ ಅಲ್ಲ, ಮೂವತ್ತು ವರ್ಷ ಗಣಿತ ಕಲಿಸಿದಾಂವ. ನನಗ ಒಂದ ಸಂಶಯ.

'ಎಲ್ಲಾಕ್ಕಿಂತ ಒಳ್ಳೇ ಜಗತ್ತು' ಅಂತಾರಲ್ರಿ, ಅಂಥಾದ್ದೊಂದು ಇರಬೇಕಂತ ಯಾರು ಹೇಳ್ಯಾರ? ಎಲ್ಲಾಕ್ಕಿಂತ ದೊಡ್ಡ ಸಂಖ್ಯೆ ಹೇಳು ಅಂತ ಹುಡುಗರಿಗೆ ಕೇಳ್ತಿದ್ದೆ. ಯಾವದ ಹೇಳಿದರೂ ಒಂದು ಕೂಡಿಸಿದ್ರ ಮುಗೀತು. ಹಂಗ ಯಾವ ಜಗತ್ತು ಮಾಡಿದ್ರೂ ಅದರಾಗ ಇನ್ನೊಂದು ಸುಖೀ ಜೀವ ಸೇರಿಸಿದ್ರ ಅದಕ್ಕಿಂತ ಒಳ್ಳೇದಾತಲ್ಲ. ಮಧ್ಯಯುಗದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್‌ನೂ ದೇವರು ಏನ ಮಾಡಿದ್ರೂ ಅದಕ್ಕಿಂತ ಛಲೋ ಇನ್ನೊಂದು ಮಾಡಬಲ್ಲ ಅಂತನ ಹೇಳ್ಯಾನ. ಹಂಗಿದ್ರ 'ಅತ್ಯುತ್ತಮ ಯಾಕ ಮಾಡಲಿಲ್ಲ' ಅನ್ನೂ ಪ್ರಶ್ನೀನ ತಪ್ಪಲ್ರಿ?

ಲೈಬ್ನಿಜ್ ಕಲನಶಾಸ್ತ್ರ ಹುಟ್ಟಿಸಿದಾಂವ, ಇಷ್ಟು ಸಣ್ಣ ಮಾತು ಅವಗ ಹೊಳೀಲಿಲ್ಲೇನು?


ಹಳೇಪುಸ್ತಕ · ಭಾನುವಾರ ಸಂಜೆ 6:10

ಮೇಷ್ಟ್ರೇ, ಹೊಳೆದಿತ್ತು. ಥಿಯೋಡಿಸಿಯ ಎಂಟನೇ ಕಂಡಿಕೆಯಲ್ಲೇ ಅದಕ್ಕೆ ಉತ್ತರವಿದೆ, ಅದೂ ತಲೆಕೆಳಗಾದ ಉತ್ತರ. ಜಗತ್ತುಗಳಲ್ಲಿ ಅತ್ಯುತ್ತಮವಾದದ್ದೊಂದು ಇಲ್ಲದೇ ಹೋಗಿದ್ದರೆ ದೇವರು ಯಾವುದನ್ನೂ ಸೃಷ್ಟಿಸುತ್ತಲೇ ಇರಲಿಲ್ಲ ಅನ್ನುತ್ತಾನೆ. ಕಾರಣವಿಲ್ಲದೆ ಏನನ್ನೂ ಮಾಡದವನು ನೂರರ ಬದಲು ನೂರೊಂದನ್ನು ಯಾಕೆ ಆರಿಸಲಿ, ನೂರೊಂದರ ಬದಲು ನೂರೆರಡನ್ನು ಯಾಕೆ ಬಿಡಲಿ? ಆರಿಸಲು ಕಾರಣವಿಲ್ಲದಿದ್ದರೆ ಸುಮ್ಮನಿರುತ್ತಿದ್ದ. ಈಗ ಒಂದು ಜಗತ್ತು ಇದೆಯಲ್ಲ, ಆದ್ದರಿಂದ ಮೇಲೊಂದು ತುದಿ ಇದ್ದೇ ಇದೆ. ಒಪ್ಪುತ್ತೀರೋ ಬಿಡುತ್ತೀರೋ, ಹಂಚಿಕೆಯಂತೂ ಗಣಿತದವನದ್ದೇ.

ಇನ್ನು ಮಾಲ್‌ಬ್ರಾಂಶ್ ವಿಷಯಕ್ಕೆ ಅವನು ಹೇಳುವುದು ಬಲು ಜಾಣತನದ್ದು. 208ನೇ ಕಂಡಿಕೆ. ಸರಳವಾದ ದಾರಿ, ಸಮೃದ್ಧವಾದ ಫಲ ಅಂತ ಎರಡನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕಬೇಡಿ, ದಾರಿಯೂ ಫಲದ ಒಂದು ಭಾಗವೇ, ಎರಡನ್ನೂ ಕೂಡಿಸಿದರೆ 'ಸಾಧ್ಯವಿದ್ದಷ್ಟು ಪೂರ್ಣತೆ' ಅನ್ನುವ ಒಂದೇ ಅಳತೆಗೆ ಬರುತ್ತದೆ, ಹಾಗಾಗಿ ಫಾದರ್ ಮಾಲ್‌ಬ್ರಾಂಶ್ ಹೇಳುವುದೂ ನಾನು ಹೇಳುವುದೂ ಒಂದೇ ಅನ್ನುತ್ತಾನೆ. 1686ರಲ್ಲಿ ಬರೆದ ತತ್ತ್ವಮೀಮಾಂಸೆಯ ಪ್ರವಚನದಲ್ಲೂ ಇದೇ ಮಾತು: ಒಳ್ಳೇ ಮನೆವಾರ್ತೆಯವನು ಇದ್ದ ಜಾಗ ಹಣ ಎರಡನ್ನೂ ಹಾಳು ಮಾಡದ ಹಾಗೆ ಮನೆ ನಡೆಸುತ್ತಾನಲ್ಲ, ಹಾಗೆ.

ನನಗೆ ಇಲ್ಲೊಂದು ಅನುಮಾನ. ಇದು ರಾಜಿ ಮಾಡಿಸುವ ನೆಪದಲ್ಲಿ ಎದುರಾಳಿಯ ಮನೆ ಬರೆಸಿಕೊಳ್ಳುವುದು. ಮಾಲ್‌ಬ್ರಾಂಶ್‌ನ ದೇವರು ಫಲ ಕಡಿಮೆಯಾದರೂ ರೀತಿ ಬಿಡುವುದಿಲ್ಲ. ಲೈಬ್ನಿಜ್‌ನ ದೇವರಿಗೆ ರೀತಿಯೂ ಒಂದು ಫಲ. ಮೊದಲನೆಯವನು "ಜಗತ್ತು ಇದಕ್ಕಿಂತ ಚೆನ್ನಾಗಿರಬಹುದಿತ್ತು" ಅಂತ ಒಪ್ಪಿಕೊಳ್ಳುವ ಧೈರ್ಯವುಳ್ಳವನು. ಎರಡನೆಯವನಿಗೆ ಅದನ್ನು ಒಪ್ಪಲಾಗದು. ನನಗೆ ಮಾಲ್‌ಬ್ರಾಂಶ್ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತಾನೆ.


ಗಣಿತಮೇಷ್ಟ್ರು · ಭಾನುವಾರ ಸಂಜೆ 6:45

ಆ ಪ್ರವಚನದಾಗ ಇನ್ನೊಂದು ಮಾತೈತ್ರಿ, ಅದನ್ನ ಬಿಡಬ್ಯಾಡ್ರಿ. ಕಾಗದದ ಮ್ಯಾಲ ಕಣ್ಣು ಮುಚ್ಚಿ ಮಸಿ ಚುಕ್ಕಿ ಹೊಡೀರಿ, ಆ ಚುಕ್ಕಿ ಎಲ್ಲಾ, ನೀವು ಹೊಡೆದ ಕ್ರಮದಾಗನ, ಹಾದು ಹೋಗೂ ಒಂದು ಗೆರೀನ ಒಂದ ನಿಯಮದಿಂದ ಎಳೀಬಹುದು ಅಂತಾನ. ಹಂಗಾರ ದೇವರು ಹೆಂಗ ಮಾಡಿದ್ರೂ ಜಗತ್ತು 'ನಿಯಮದಾಗ'ನ ಇರತಿತ್ತು! ಅದಕ್ಕ ಬರೇ ನಿಯಮ ಐತಿ ಅನ್ನೂದು ದೊಡ್ಡಸ್ತಿಕಿ ಅಲ್ಲ. ನಿಯಮ ಸರಳ ಇರಬೇಕು, ಅದರಿಂದ ಹೊರಡೂದು ಸಮೃದ್ಧ ಇರಬೇಕು. ಬಿ.ಎಸ್ಸಿ. ಹುಡುಗರಿಗೆ ಇದನ್ನ ಹೇಳಿದ್ರ ಅರ್ಧ ತಾಸು ಅಲ್ಲಾಡೂದಿಲ್ಲ.


ತತ್ತ್ವಪ್ರಿಯ · ಭಾನುವಾರ ರಾತ್ರಿ 8:02

ಇಷ್ಟೆಲ್ಲ ಒದ್ದಾಟ ಯಾಕೆ ಅಂತ. ಬ್ರಹ್ಮಸೂತ್ರದಲ್ಲಿ ಒಂದೇ ಸೂತ್ರದಲ್ಲಿ ಮುಗಿದಿದೆ: ವೈಷಮ್ಯನೈರ್ಘೃಣ್ಯೇ ನ ಸಾಪೇಕ್ಷತ್ವಾತ್. ದೇವರಿಗೆ ಪಕ್ಷಪಾತವೂ ಇಲ್ಲ, ಕ್ರೌರ್ಯವೂ ಇಲ್ಲ, ಜೀವರ ಕರ್ಮಕ್ಕೆ ತಕ್ಕಂತೆ ಕೊಡುತ್ತಾನೆ. ಶಾಂಕರಭಾಷ್ಯದಲ್ಲಿ ಮಳೆಯ ಉಪಮೆಯೇ ಇದೆ ನೋಡಿ: ಮಳೆ ಎಲ್ಲಕ್ಕೂ ಸಮ, ಭತ್ತ ಭತ್ತವಾಗುವುದು ಜವೆ ಜವೆಯಾಗುವುದು ಬೀಜದಿಂದ.


ಹಳೇಪುಸ್ತಕ · ಭಾನುವಾರ ರಾತ್ರಿ 8:25

ಉಪಮೆ ನೆನಪಿಸಿದ್ದಕ್ಕೆ ಸಂತೋಷ. ಆದರೆ ಆ ಉತ್ತರ ಇವರ ಕೈಗೆ ಸಿಗುವಂಥದ್ದಲ್ಲ. ಅಲ್ಲಿ ಮುಂದಿನ ಸೂತ್ರದಲ್ಲೇ 'ಅನಾದಿ' ಅನ್ನುವ ಮಾತು ಬರುತ್ತದೆ: ಮೊದಲ ಸೃಷ್ಟಿ ಅಂತಲೇ ಒಂದಿಲ್ಲ, ಹಾಗಾಗಿ ಬೀಜ ಯಾವಾಗಲೂ ಇದ್ದೇ ಇರುತ್ತದೆ. ಇವರಿಗೆ ಸೃಷ್ಟಿ ಶೂನ್ಯದಿಂದ. ಮಳೆಯೂ ದೇವರದ್ದೇ, ಹೊಲವೂ ಅವನದ್ದೇ, ಬೀಜವೂ ಅವನದ್ದೇ. ಹಿಂದಿನ ಜನ್ಮದ ಲೆಕ್ಕಕ್ಕೆ ಹಾಕುವ ಹಾಗಿಲ್ಲ. ಇವರ ಒದ್ದಾಟಕ್ಕೆ ಮೂಲವೇ ಅದು.


ಚಾವಡಿ_ನಿರ್ವಾಹಕ · ಭಾನುವಾರ ರಾತ್ರಿ 8:40

ಯಾರ ದರ್ಶನ ದೊಡ್ಡದು ಎನ್ನುವ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಹದಿನೇಳನೇ ಶತಮಾನ ಬಿಟ್ಟು ಕದಲಬೇಡಿ.


ಸಂಶಯಾತ್ಮ · ಸೋಮವಾರ ಬೆಳಿಗ್ಗೆ 7:50

ಹದಿನೇಳನೇ ಶತಮಾನದಲ್ಲೇ ಇರುತ್ತೇನೆ. ಈ ಜಗಳದಲ್ಲಿ ನನ್ನ ಮನುಷ್ಯ ಪಿಯರ್ ಬೇಲ್. ಫ್ರಾನ್ಸಿನ ಪ್ರಾಟೆಸ್ಟೆಂಟ್, ರಾಟರ್‌ಡ್ಯಾಮಿಗೆ ಓಡಿ ಹೋಗಿ ಅಲ್ಲಿ ಬರೆದುಕೊಂಡಿದ್ದವನು. ಅವನ ಬರಹದ ಸೇಡನ್ನು ಊರಲ್ಲಿದ್ದ ಅಣ್ಣನ ಮೇಲೆ ತೀರಿಸಿಕೊಂಡರು. ಆತ 1685ರಲ್ಲಿ ಬೋರ್ಡೋದ ಸೆರೆಯಲ್ಲಿ ಸತ್ತ. ಕೇಡು ಯಾಕೆ ಅನ್ನುವುದು ಬೇಲ್‌ಗೆ ತರಗತಿಯ ಪ್ರಶ್ನೆ ಆಗಿರಲಿಲ್ಲ.

1697ರ ಅವನ ನಿಘಂಟಿನಲ್ಲಿ ಮಾನಿಕೇಯರ ಬಗ್ಗೆ, ಪಾಲಿಷಿಯನ್ನರ ಬಗ್ಗೆ (ಒಳಿತಿಗೊಂದು, ಕೇಡಿಗೊಂದು ಮೂಲಶಕ್ತಿ ಇದೆ ಅಂದ ಪಂಥಗಳು) ಬರೆಯುತ್ತಾ ಕೇಳುತ್ತಾನೆ: ಮಗಳು ನೃತ್ಯಕೂಟಕ್ಕೆ ಹೋದರೆ ಅಲ್ಲಿ ಮೋಸ ಹೋಗಿ ಕೆಡುತ್ತಾಳೆ ಅಂತ ಖಚಿತವಾಗಿ ಗೊತ್ತಿದ್ದೂ "ಹುಷಾರು, ಕೆಟ್ಟರೆ ಮನೆಗೆ ಸೇರಿಸಲ್ಲ" ಅಂತ ಹೇಳಿ ಕಳಿಸಿಕೊಡುವ ತಾಯಿಯನ್ನು ಏನನ್ನುತ್ತೀರಿ? ಮಗಳಿಗೆ ಸ್ವಾತಂತ್ರ್ಯ ಕೊಟ್ಟಳು ಅನ್ನುತ್ತೀರಾ? ಬೇಲ್‌ನ ತೀರ್ಮಾನ: ಬುದ್ಧಿಯಿಂದ ಇದಕ್ಕೆ ಉತ್ತರ ಇಲ್ಲ, ನಂಬುವುದಾದರೆ ಸುಮ್ಮನೆ ನಂಬಿ, ತರ್ಕ ಮಾಡುವ ನಾಟಕ ಬೇಡ.

ಇದಕ್ಕೆ ನಿಮ್ಮ ಲೈಬ್ನಿಜ್ 'ಅದು ದೊಡ್ಡ ಲೆಕ್ಕದಲ್ಲಿ ಸರಿಹೋಗುತ್ತೆ' ಅಂತ ತಾನೇ ಹೇಳೋದು?


ಹಳೇಪುಸ್ತಕ · ಸೋಮವಾರ ರಾತ್ರಿ 9:15

ಹೆಚ್ಚುಕಡಿಮೆ ಹೌದು, ಆದರೆ ಅಷ್ಟೇ ಅಲ್ಲ.

ಪ್ರಷ್ಯಾದ ರಾಣಿ ಸೋಫಿ ಶಾರ್ಲೊಟ್ ಬೇಲ್‌ನನ್ನು ಓದಿ ಓದಿ ಲೈಬ್ನಿಜ್‌ನನ್ನು ಬರ್ಲಿನ್ನಿನ ಹತ್ತಿರದ ತನ್ನ ಅರಮನೆಯ ತೋಟದಲ್ಲಿ ಪೀಡಿಸುತ್ತಿದ್ದಳು. ಥಿಯೋಡಿಸಿ ಬೆಳೆದದ್ದು ಆ ಮಾತುಕತೆಯಿಂದ. ಅವಳು 1705ರಲ್ಲೇ ತೀರಿಕೊಂಡಳು, ಪುಸ್ತಕ ನೋಡಲಿಲ್ಲ. ಸಾಯುವಾಗ "ಅಳಬೇಡಿ, ಲೈಬ್ನಿಜ್ ವಿವರಿಸಲಾಗದ್ದನ್ನು ತಿಳಿದುಕೊಳ್ಳಲು ಹೋಗುತ್ತಿದ್ದೇನೆ" ಎಂಬರ್ಥದ ಮಾತು ಹೇಳಿದಳು ಅನ್ನುವುದು ಅವಳ ಮೊಮ್ಮಗ ದೊರೆ ಫ್ರೆಡರಿಕ್ ಹೇಳಿದ ಕಥೆ. ಮೊಮ್ಮಗನೂ ಕಡಿಮೆ ಕಿಲಾಡಿಯಲ್ಲ.

ಬೇಲ್‌ಗೆ ಕೊಡುವ ಉತ್ತರದಲ್ಲಿ ನನಗೆ ಹಿಡಿಸಿದ್ದು ನದಿಯ ದೋಣಿಗಳು. ಒಂದೇ ಪ್ರವಾಹದಲ್ಲಿ ಹಲವು ದೋಣಿ ಹೋಗುತ್ತಿವೆ. ಕೆಲವಕ್ಕೆ ಸೌದೆ ತುಂಬಿದೆ, ಕೆಲವಕ್ಕೆ ಕಲ್ಲು. ಹೆಚ್ಚು ಭಾರದ್ದು ನಿಧಾನ ಹೋಗುತ್ತದೆ. ವೇಗ ಕೊಟ್ಟದ್ದು ನೀರು. ನಿಧಾನವಾದದ್ದು ದೋಣಿಯ ಭಾರದಿಂದ. ದೇವರು ಕೊಡುವುದೆಲ್ಲ ಒಳಿತು. ಕೊರತೆ ಪಡೆಯುವ ವಸ್ತುವಿನ ಮಿತಿಯಿಂದ. ಮಿತಿಯಿಲ್ಲದ ಸೃಷ್ಟಿ ಇನ್ನೊಬ್ಬ ದೇವರೇ ಆಗಿಬಿಡುತ್ತದೆ, ಅದು ಆಗದ ಮಾತು. ಈ ಮಿತಿಗಳು ದೇವರ ಇಚ್ಛೆಯಲ್ಲಿ ಇಲ್ಲ, ಅವನ ಬುದ್ಧಿಯಲ್ಲಿ ಇವೆ, ಅನಾದಿಯಿಂದ ಇವೆ ಅನ್ನುತ್ತಾನೆ. ತ್ರಿಕೋನಕ್ಕೆ ಮೂರು ಮೂಲೆ ಅನ್ನುವುದನ್ನು ಹೇಗೆ ಯಾರೂ 'ಮಾಡಿಲ್ಲವೋ' ಹಾಗೆ.

ಇದು ನೇರವಾಗಿ ದೇಕಾರ್ತ್‌ಗೆ ಹೊಡೆತ. 1630ರ ಏಪ್ರಿಲ್‌ನಲ್ಲಿ ಗೆಳೆಯ ಮೆರ್ಸೆನ್‌ಗೆ ಬರೆದ ಪತ್ರದಲ್ಲಿ ದೇಕಾರ್ತ್, ರಾಜ ತನ್ನ ರಾಜ್ಯಕ್ಕೆ ಕಾನೂನು ಮಾಡುವ ಹಾಗೆ ದೇವರು ಗಣಿತದ ಸತ್ಯಗಳನ್ನೂ ಮಾಡಿದ ಅಂದಿದ್ದ. ಲೈಬ್ನಿಜ್‌ಗೆ ಇದು ಕೇಳಿದರೆ ಮೈ ಉರಿ. ದೇವರು ಮಾಡಿದ್ದಕ್ಕೇ ಅದು ಒಳ್ಳೆಯದು ಅನ್ನುವುದಾದರೆ, ಬೇರೆ ಏನು ಮಾಡಿದ್ದರೂ ಅದೂ ಒಳ್ಳೆಯದೇ ಆಗುತ್ತಿತ್ತು. ಹಾಗಿದ್ದ ಮೇಲೆ ಮಾಡಿದ್ದಕ್ಕೆ ಅವನನ್ನು ಹೊಗಳುವುದೇಕೆ? ಅಂಥವನಿಗೂ ಪಾಳೇಗಾರನಿಗೂ ಏನು ವ್ಯತ್ಯಾಸ? ಸಂಶಯಾತ್ಮರೇ, ಇಲ್ಲಿ ನೀವೂ ಅವನೂ ಒಂದೇ ಕಡೆ. ದೇವರನ್ನು ನ್ಯಾಯದ ಕಟಕಟೆಗೆ ತರಬಹುದು ಅಂತ ಒಪ್ಪಿಕೊಂಡವನು ಅವನು. ವಕಾಲತ್ತು ಮಾತ್ರ ಆರೋಪಿಯ ಪರ.


ಸಂಶಯಾತ್ಮ · ಸೋಮವಾರ ರಾತ್ರಿ 9:42

ಪಾಳೇಗಾರನ ಮಾತು ಒಪ್ಪಿದೆ. ದೋಣಿಗೆ ಕಲ್ಲು ತುಂಬಿದ್ದು ಯಾರು ಅಂತ ನೀವು ಹೇಳಲಿಲ್ಲ.


ಹಳೇಪುಸ್ತಕ · ಸೋಮವಾರ ರಾತ್ರಿ 9:50

ಯಾರೂ ತುಂಬಿಲ್ಲ, ಕಲ್ಲು ತುಂಬಿದ ದೋಣಿಯಾಗಿಯೇ ಅದು ದೇವರ ಬುದ್ಧಿಯಲ್ಲಿ ಇತ್ತು; ಅವನು ಅದಕ್ಕೆ ನೀರಿಗಿಳಿಯಲು ಬಿಟ್ಟ. ಬಿಡಬೇಕಿತ್ತೇ ಅಂದರೆ ನಾನೂ ನಿಮ್ಮ ಜೊತೆ ದಡದಲ್ಲೇ ನಿಂತಿದ್ದೇನೆ.


ಕಡಲಕರೆ · ಮಂಗಳವಾರ ಮಧ್ಯಾಹ್ನ 1:20

ಆರ್ನೋ ಲೈಬ್ನಿಜ್‌ನನ್ನೂ ಬಿಡಲಿಲ್ಲ. 1686ರಲ್ಲಿ ತನ್ನ ಪ್ರವಚನದ ಸಾರಾಂಶವನ್ನು ಲೈಬ್ನಿಜ್ ಹೆಸ್ಸೆಯ ಅರಸ ಅರ್ನ್ಸ್ಟ್ ಮೂಲಕ ಆರ್ನೋನಿಗೆ ಕಳಿಸಿದ. ಆರ್ನೋನ ಉತ್ತರ: ವಿಪರೀತ ನೆಗಡಿ ಆಗಿದೆ, ಚಿಕ್ಕದಾಗಿ ಹೇಳುತ್ತೇನೆ, ಇದರಲ್ಲಿ ನನಗೆ ಗಾಬರಿ ಹುಟ್ಟಿಸುವ ಸಂಗತಿಗಳು ಬಹಳ ಉಂಟು! ಲೈಬ್ನಿಜ್ ಹೇಳುವ ಹಾಗೆ ಆದಾಮನ ಪೂರ್ಣ ಕಲ್ಪನೆಯೊಳಗೆ (ಅವನ ಬಗ್ಗೆ ನಿಜವಾದದ್ದೆಲ್ಲ ಅಡಗಿರುವ ಕಲ್ಪನೆ) ಅವನ ಸಂತತಿಯವರಿಗೆಲ್ಲ ಆಗುವುದೂ ಸೇರಿದೆಯಾದರೆ, ಆದಾಮನನ್ನು ಸೃಷ್ಟಿಸುವುದೋ ಬಿಡುವುದೋ ಎಂಬಷ್ಟು ಮಾತ್ರ ದೇವರಿಗೆ ಸ್ವಾತಂತ್ರ್ಯ. ಆಮೇಲಿನದ್ದೆಲ್ಲ ವಿಧಿಗಿಂತ ಗಟ್ಟಿಯಾದ ವಿಧಿ. ಲೈಬ್ನಿಜ್ ಹತ್ತು ವರ್ಷ ಮೊದಲು ಹೇಗ್ ನಗರದಲ್ಲಿ ಸ್ಪಿನೋಜಾನನ್ನು ಕಂಡು ಬಂದವನು. ಎಲ್ಲವೂ ಅನಿವಾರ್ಯ ಎಂಬ ಸ್ಪಿನೋಜಾನ ಮಾತಿಗೆ ಜಾರುವ ಭಯ ಅವನಿಗೇ ಇತ್ತು.

ಮೇಷ್ಟ್ರಿಗೆ ಖುಷಿಯಾದೀತು: ಅವನು ತಪ್ಪಿಸಿಕೊಂಡದ್ದು ಗಣಿತ ಹಿಡಿದು. ಎರಡರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯಲು ಹೋದರೆ ಮುಗಿಯುವುದೇ ಇಲ್ಲವಲ್ಲ, ಹಾಗೆ ಜಗತ್ತಿನ ಘಟನೆಗಳ ಕಾರಣವನ್ನು ಬಿಡಿಸುತ್ತಾ ಹೋದರೆ ಮುಗಿಯುವುದಿಲ್ಲ, ಮುಗಿಯದ್ದು ಅನಿವಾರ್ಯವಲ್ಲ.

ಆದರೆ ನಾನು ಮಳೆಗೆ ವಾಪಸು ಬರಬೇಕು. ನೀವೆಲ್ಲ ಪ್ರಕೃತಿಯ ಅರ್ಧ ಓದಿದಿರಿ; ಆ ಪ್ರಬಂಧದ ಹೆಸರಲ್ಲಿ ಕೃಪೆಯೂ ಉಂಟು. ಕ್ರೈಸ್ತರ ಹೊಟ್ಟೆ ಉರಿಸಿದ್ದು ಅದು. ಎಲ್ಲರೂ ರಕ್ಷಣೆ ಹೊಂದಬೇಕು ಎಂದು ದೇವರು ಬಯಸುತ್ತಾನೆ ಎನ್ನುತ್ತದೆ ಶಾಸ್ತ್ರ. ಮತ್ತೆ ಎಲ್ಲರೂ ಯಾಕೆ ಹೊಂದುವುದಿಲ್ಲ? ಮಾಲ್‌ಬ್ರಾಂಶ್ ಹೇಳಿದ: ಕೃಪೆಯೂ ಮಳೆಯ ಹಾಗೆ. ಅದಕ್ಕೂ ಸಾಮಾನ್ಯ ನಿಯಮ. ಕೆಲವೊಮ್ಮೆ ಹದವಾದ ಹೃದಯದ ಮೇಲೆ ಬೀಳುತ್ತದೆ, ಕೆಲವೊಮ್ಮೆ ಕಲ್ಲಾದ ಹೃದಯದ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ಡಿಕ್ಕಿಯ ಜಾಗದಲ್ಲಿ ಇಲ್ಲಿ ನಿಮಿತ್ತವಾಗಿ ನಿಲ್ಲುವುದು ಯೇಸುವಿನ ಮಾನವ ಆತ್ಮದ ಬಯಕೆಗಳು. ಮಾನವ ಆತ್ಮವಾದ್ದರಿಂದ ಅದು ಎಲ್ಲರನ್ನೂ ಎಲ್ಲ ಹೊತ್ತೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಗುಡಿ ಕಟ್ಟುವವನು ಈಗ ಇಂಥ ಕಲ್ಲು ಬೇಕು ಎಂದು ಯೋಚಿಸಿದ ಹಾಗೆ ಯೋಚಿಸುತ್ತದೆ, ಅಂಥವರ ಮೇಲೆಲ್ಲ ಕೃಪೆ ಸುರಿಯುತ್ತದೆ.

ಗುರುಮಠದಲ್ಲಿ ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಕ್ರಿಸ್ತ ನನ್ನನ್ನು ನೆನೆಯದ ಒಂದು ಗಳಿಗೆ ಉಂಟೆಂದರೆ ಏನು ಅರ್ಥ? ಆರ್ನೋನ ಸಿಟ್ಟೂ ಅದೇ. ಬೊಸ್ಯುಯೆ ಬಿಷಪರು ತಮ್ಮ ಪ್ರತಿಯ ಮೇಲೆ ಲ್ಯಾಟಿನ್ನಿನಲ್ಲಿ ಮೂರೇ ಶಬ್ದ ಬರೆದಿಟ್ಟರು: ಚೆಂದ, ಹೊಸತು, ಸುಳ್ಳು. 1690ರಲ್ಲಿ ರೋಮ್ ಅದನ್ನು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು.

ಆಮೇಲೆ, ಅಮ್ಮ ಹಾಸಿಗೆ ಹಿಡಿದಿದ್ದ ವರ್ಷ, ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ಮಾಡಿದೆವು. ಅವರು ಉಳಿಯಲಿಲ್ಲ. ಇಗರ್ಜಿಯಲ್ಲಿ ಒಬ್ಬರು "ದೇವರು ನಿಮಗೆಂದೇ ಈ ಪರೀಕ್ಷೆ ಕಳಿಸಿದ್ದಾರೆ" ಎಂದರು. ಆವತ್ತು ಸಂಜೆ ಪಣಂಬೂರಿನಲ್ಲಿ ಕೂತಿದ್ದೆ. ಜುಲೈ ತಿಂಗಳು. ಕಡಲ ಮೇಲೆ ಬಿಡದೆ ಸುರಿಯುತ್ತಿತ್ತು. ನನಗೆಂದೇ ಕಳಿಸಿದ್ದಲ್ಲ ಎನ್ನುವ ಮಾಲ್‌ಬ್ರಾಂಶ್ ಆ ಹೊತ್ತಿಗೆ ಹೆಚ್ಚು ಕರುಣೆಯವನು ಎಂದು ಕಂಡ. ಆರ್ನೋ ಹೇಳುವುದು ಸರಿ ಎಂದು ಈಗಲೂ ತಿಳಿದಿದ್ದೇನೆ. ಎರಡೂ ಒಟ್ಟಿಗೆ ಉಂಟು, ಏನು ಮಾಡುವುದು.


ಬೈಟೂಕಾಫಿ · ಮಂಗಳವಾರ ಮಧ್ಯಾಹ್ನ 1:48

ಸರ್, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕಾಗಲಿಲ್ಲ.


ಗಣಿತಮೇಷ್ಟ್ರು · ಮಂಗಳವಾರ ರಾತ್ರಿ 8:30

ಕಡಲಕರೆಯವ್ರ, ನಿಮ್ಮ ಮಾತಿಗೆ ನಮಸ್ಕಾರ.

ನಾ ಗ್ರಂಥಾಲಯದಿಂದ ಥಿಯೋಡಿಸಿ ತಂದು ಕಡೇ ಪುಟ ಮೊದಲ ಓದಿದೆ, ಚಾಳಿ. ಅಲ್ಲೊಂದು ಕಥಿ ಐತಿ. ಥಿಯೋಡೋರ ಅನ್ನೂ ಪೂಜಾರಿಗೆ ಪಲ್ಲಾಸ್ ದೇವಿ ಕನಸಿನಾಗ ಒಂದು ಅರಮನಿ ತೋರಸ್ತಾಳ. ಒಂದೊಂದು ಕೋಣಿ ಒಂದೊಂದು ಜಗತ್ತು. ಎಲ್ಲಾ ಕೋಣಿ ಸೇರಿ ಒಂದು ಪಿರಮಿಡ್ಡು. ಮ್ಯಾಲ ತುದಿ ಐತಿ, ಕೆಳಗ ಬುಡ ಇಲ್ಲ, ಇಳಕೋತ ಹೋದ್ರ ಮುಗಿಯೂದಿಲ್ಲ! ನಾ ಕೇಳಿದ ದೊಡ್ಡ ಸಂಖ್ಯೆ ಪ್ರಶ್ನೀಗೆ ಚಿತ್ರ ಬರದು ಉತ್ತರ ಕೊಟ್ಟಂಗಾತು. ಕೆಟ್ಟದ್ದಕ್ಕ ಕೊನಿ ಇಲ್ಲ, ಒಳ್ಳೇದಕ್ಕ ಐತಿ. ಹಂಗ್ಯಾಕ ಅನ್ನೂದನ್ನ ಮಾತ್ರ ಅಂವ ಸಾಧಿಸಿ ತೋರಸಿಲ್ಲ. ಪರೀಕ್ಷಾದಾಗ ಬರದಿದ್ರ ಅರ್ಧಾ ಮಾರ್ಕ್ಸ್ ಕೊಡ್ತಿದ್ದೆ.

ಒಂದು ಕೋಣ್ಯಾಗ ಸೆಕ್ಸ್ಟಸ್ ಅನ್ನೂ ರೋಮಿನ ರಾಜನ ಮಗ ಕೊರಿಂಥದಂಥಾ ಊರಿಗೆ ಹೋಗಿ ಸಣ್ಣದೊಂದು ತ್ವಾಟಾ ಕೊಂಡು, ಅಗಿಯೂಮುಂದ ನಿಧಿ ಸಿಕ್ಕು, ಎಲ್ಲಾರಿಗೂ ಬೇಕಾದಾಂವ ಆಗಿ ಬಾಳ್ತಾನ. ಇನ್ನೊಂದರಾಗ ಥ್ರೇಸಿಗೆ ಹೋಗಿ ರಾಜನ ಮಗಳನ್ನ ಮದುವಿ ಆಗ್ತಾನ. ತುದೀ ಕೋಣ್ಯಾಗ, ಅಂದ್ರ ನಮ್ಮ ಜಗತ್ತಿನಾಗ, ರೋಮಿಗೆ ಹೋಗಿ ಅತ್ಯಾಚಾರ ಮಾಡ್ತಾನ. ಆ ಪಾಪದಿಂದನ ರೋಮ್ ರಾಜರ ಕೈಯಿಂದ ಬಿಡುಗಡಿ ಆಗಿ ದೊಡ್ಡ ಸಾಮ್ರಾಜ್ಯ ಆತು ಅಂತ ದೇವಿ ಹೇಳ್ತಾಳ.


ಸಂಶಯಾತ್ಮ · ಮಂಗಳವಾರ ರಾತ್ರಿ 8:51

ಲಿಸ್ಬನ್ ನಗರದ ಭೂಕಂಪ, 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲೈಬ್ನಿಜ್‌ನನ್ನು ಅಣಕಿಸಿದ ವೋಲ್ತೇರ್‌ನ ಕಥೆ 'ಕಾಂದೀದ್' ಅಂತ ಉದ್ದಕ್ಕೆ ಬರೆಯೋಣ ಅಂತಿದ್ದೆ. ಬೇಡ ಬಿಡಿ. ಲೈಬ್ನಿಜ್ ಅಷ್ಟರಲ್ಲಿ ಸತ್ತು 39 ವರ್ಷ ಆಗಿತ್ತು, ಸತ್ತವನನ್ನು ಹೊಡೆದಂತೆ. ಅಲ್ಲದೆ ಅವನು 'ಎಲ್ಲವೂ ಒಳ್ಳೆಯದೇ' ಅಂದವನಲ್ಲ, 'ಇದಕ್ಕಿಂತ ಒಳ್ಳೆಯದು ಆಗುತ್ತಿರಲಿಲ್ಲ' ಅಂದವನು. ಎರಡನೆಯದು ಮೊದಲನೆಯದಕ್ಕಿಂತ ದುಃಖದ ಮಾತು ಅಂತ ನನಗೆ ಈ ಎಳೆ ಓದಿದ ಮೇಲೆ ಅನ್ನಿಸಿತು.

ಒಂದೇ ಒಂದು ಕೇಳುತ್ತೇನೆ. ಮೇಷ್ಟ್ರೇ, ಆ ಅರಮನೆಯಲ್ಲಿ, ಅತ್ಯಾಚಾರಕ್ಕೆ ಒಳಗಾದ ಲುಕ್ರೀಷಿಯಾಳ ಕೋಣೆ ಯಾವುದು? ಸೆಕ್ಸ್ಟಸ್‌ಗೆ ಮೂರು ಜಗತ್ತು ತೋರಿಸಿದರು. ಅವಳಿಗೆ?


ಹಳೇಪುಸ್ತಕ · ಬುಧವಾರ ಬೆಳಿಗ್ಗೆ 6:35

ಕಾಫಿ ಆರುವಷ್ಟು ಹೊತ್ತು ಪುಟ ಹುಡುಕಿದೆ. 416ನೇ ಕಂಡಿಕೆ. ತುದಿಯ ಕೋಣೆಯ ಆ ಸಾಲಿನಲ್ಲಿ ಅವಳ ಹೆಸರಿಲ್ಲ. 'ಗೆಳೆಯನ ಹೆಂಡತಿ' ಅಂತಷ್ಟೇ ಇದೆ.